ಹುಂಡಿಯೂ ಅದೃಷ್ಟದ ಕೊಡವೂ



ಪುತ್ತೂರಿನಿಂದ ಕಾಣಿಯೂರು, ನಿಂತಿಕಲ್ಲು ಮಾರ್ಗವಾಗಿ ಸುಬ್ರಹ್ಮಣ್ಯದ ಕಡೆಗೆ ಪಯಣಿಸುವವರಿಗೆ ಅಡಿಕೆಯ ತೋಟಗಳ ಹಸುರಿನ ನಡುವೆ ಎದುರಾಗುವ ಪಂಜ ಎಂಬ ಊರು, ಇಂದು ಒಂದು ಚಿಕ್ಕ ಪೇಟೆಯಾಗಿ ಕಂಡರೂ, ಹಿಂದೆ ಬಲ್ಲಾಳರ ಆಳ್ವಿಕೆಗೆ ಒಳಪಟ್ಟಿದ್ದ ಒಂದು ಸೀಮೆಯ ಹೆಸರಾಗಿತ್ತು. ಪರಿವಾರ ಪಂಚಲಿಂಗೇಶ್ವರನ ಸನ್ನಿಧಿ ಆ ಸೀಮೆಗೆ ಇಂದಿಗೂ ಕೇಂದ್ರವಾಗಿದೆ. ತುಳುನಾಡಿನ ಪಾಡ್ದನಗಳನ್ನು ಕೇಳಿದವರಿಗೆ ಈ ಹೆಸರು ಹೊಸದಲ್ಲ. ಪಡುಮಲೆಯನ್ನು ತೊರೆದು ಬಂದ ಕೋಟಿ ಚೆನ್ನಯರು ತಮ್ಮ ಅಕ್ಕ ಕಿನ್ನಿದಾರುವನ್ನು ಕಂಡದ್ದು ಈ ಪಂಜದ ಸೀಮೆಯಲ್ಲಿ. ಸೆರೆಗೆ ಬಿದ್ದು, ಸೆರೆಯನ್ನು ಮುರಿದು, ಎಣ್ಮೂರಿನ ಕಡೆಗೆ ನಡೆದದ್ದೂ ಇಲ್ಲಿಂದಲೇ. ಆ ಅವಳಿ ವೀರರ ಗರೋಡಿಗಳಲ್ಲಿ ಸುರಿಯ ಎಂಬ ಆಯುಧವನ್ನು ಇಂದಿಗೂ ಭಕ್ತಿಯಿಂದ ಇರಿಸಿ ಪೂಜಿಸುತ್ತಾರೆ. ಕತ್ತಿಗೆ ನಮ್ಮ ಸೀಮೆಯಲ್ಲಿ ಇಷ್ಟು ಹಳೆಯ ಗೌರವವಿದೆ.

ಆದರೆ ಇಂದು ನಾನು ಹೇಳಹೊರಟಿರುವುದು ಸುರಿಯದ ಕಥೆಯಲ್ಲ. ಅದಕ್ಕಿಂತ ಬಹಳ ಚಿಕ್ಕದಾದ, ಕಿಸೆಯಲ್ಲಿ ಅಡಗುವ, ಮಡಚುವ ಒಂದು ಪೀಶಕತ್ತಿಯ ವಿಷಯ. ಅದನ್ನು ಬಹುಮಾನವಾಗಿಟ್ಟು ನಾವು ಕೆಲವರು ನಡೆಸಿದ ಸಹಾಯಾರ್ಥ ಅದೃಷ್ಟಚೀಟಿಯ ವಿಷಯ. ಮತ್ತು ಆ ನೆವದಿಂದ ದಾನಕ್ಕೂ ಅದೃಷ್ಟಕ್ಕೂ ಇರಬೇಕಾದ ಅಂತರದ ಬಗೆಗೆ ನಾನು ಕಲಿತ ಪಾಠ.

ನಮ್ಮ ಕಡೆಯಲ್ಲಿ ಅಡಿಕೆಯ ಕೊಯ್ಲು ಎಂದರೆ ಪ್ರಾಣವನ್ನು ಒತ್ತೆಯಿಟ್ಟು ಮಾಡುವ ಕೆಲಸ. ಮಳೆಗಾಲದಲ್ಲಿ ಕೊಳೆರೋಗವನ್ನು ತಡೆಯಲೆಂದು ಮೈಲುತುತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸುವುದಕ್ಕೂ, ಹಣ್ಣಾದ ಮೇಲೆ ಗೊನೆ ತೆಗೆಯುವುದಕ್ಕೂ, ಬಡಕಲಾದ ಆ ಎತ್ತರದ ಮರಗಳನ್ನು ಕಾಲಿಗೆ ತಳೆ ಕಟ್ಟಿಕೊಂಡು ಏರುವವರು, ಒಂದು ಮರದ ತಲೆಯಿಂದ ಇನ್ನೊಂದರ ತಲೆಗೆ ತೂಗಿಕೊಂಡು ದಾಟುವವರು, ಒಮ್ಮೆ ಕೈತಪ್ಪಿದರೆ ಬೆನ್ನೆಲುಬನ್ನು ಮುರಿದುಕೊಂಡು ಆಯುಷ್ಯದ ಉಳಿದ ಭಾಗವನ್ನೆಲ್ಲ ಹಾಸಿಗೆಯಲ್ಲಿ ಕಳೆಯಬೇಕಾಗುತ್ತದೆ. ಅಂತಹ ಒಬ್ಬ ಕೊಯ್ಲಿನಾಳಿನ ಮನೆಗೆ ನೆರವಾಗಬೇಕೆಂಬ ಸಂಕಲ್ಪದಿಂದ ಊರಿನ ಹತ್ತು ಹನ್ನೆರಡು ಜನ ಒಂದು ಸಂಜೆ ಶಾಲೆಯ ಜಗಲಿಯಲ್ಲಿ ಸೇರಿದೆವು.

ಹಣ ಕೂಡಿಸುವ ದಾರಿಗಳು ನಮ್ಮ ಹಿರಿಯರಿಗೆ ತಿಳಿಯದವಲ್ಲ. ಮದುವೆಯ ಮನೆಗೆ ಮುಯ್ಯಿ, ಗದ್ದೆಯ ಕೆಲಸಕ್ಕೆ ಮುಯ್ಯಾಳು, ದೇವಸ್ಥಾನದ ಬ್ರಹ್ಮಕಲಶಕ್ಕೆ ತಲೆಹೊರೆಯಲ್ಲಿ ಬರುವ ಹೊರೆಕಾಣಿಕೆ, ಕಷ್ಟಕ್ಕೊಳಗಾದವರಿಗಾಗಿ ಸಹಾಯಾರ್ಥ ಯಕ್ಷಗಾನ, ಇವೆಲ್ಲವೂ ಇದ್ದೇ ಇವೆ. ಹಾಗೆಯೇ ಏಲಂ ಕೂಡ: ಹರಕೆಯಾಗಿ ಬಂದ ಬಾಳೆಗೊನೆಯನ್ನೋ, ಹೊಸ ಫಲವನ್ನೋ, ಎಳನೀರನ್ನೋ ಸವಾಲಿಗೆ ಕೂಗಿ, ಹೆಚ್ಚು ಕೂಗಿದವರಿಗೆ ಕೊಟ್ಟು, ಬಂದ ಹಣವನ್ನು ಸತ್ಕಾರ್ಯಕ್ಕೆ ಸಲ್ಲಿಸುವ ಪದ್ಧತಿಯು ದೇವಸ್ಥಾನ, ಇಗರ್ಜಿ, ಮಸೀದಿಗಳೆಂಬ ಭೇದವಿಲ್ಲದೆ ನಮ್ಮ ಜಿಲ್ಲೆಯಲ್ಲಿ ಕಾಣುತ್ತದೆ. ನಮ್ಮಲ್ಲಿ ಒಬ್ಬರು ಏಲಂ ಮಾಡೋಣವೆಂದರು. ಆಗ ಸಭೆಯಲ್ಲಿದ್ದ, ತಾನೂ ಕೊಯ್ಲಿನ ಕೆಲಸವನ್ನೇ ಮಾಡುವ ಒಬ್ಬ ತರುಣ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: "ಏಲಂ ಆದರೆ ವಸ್ತು ತೋಟದ ಯಜಮಾನರಿಗೇ ಹೋಗುವುದಲ್ಲವಾ ಅಣ್ಣ? ಚೀಟಿ ಆದರೆ ನಮಗೂ ಒಂದು ಬರಬಹುದು."

ಆ ಮಾತಿನಲ್ಲಿ ನ್ಯಾಯವಿತ್ತು. ಏಲಮಿನಲ್ಲಿ ಹಣದ ದನಿಯೇ ದೊಡ್ಡದು. ಚೀಟಿಯಲ್ಲಿಯಾದರೋ ಹತ್ತು ರೂಪಾಯಿಯ ಕೂಲಿಕಾರನೂ ಹತ್ತು ಎಕರೆಯ ಯಜಮಾನನೂ ಸಮಾನರು. ಹಾಗಾಗಿ ಚೀಟಿಯೆಂದೇ ನಿಶ್ಚಯವಾಯಿತು. ಬಹುಮಾನವೇನೆಂಬ ಪ್ರಶ್ನೆ ಬಂದಾಗ, ಪೇಟೆಯ ಅಂಗಡಿಯಿಂದ ತರುವ ಮಿಕ್ಸಿ, ಗಡಿಯಾರಗಳನ್ನು ಬಿಟ್ಟು, ಊರಿನ ಕುಲುಮೆಯಲ್ಲಿಯೇ ಮಾಡಿಸಿದ ಒಂದು ಒಳ್ಳೆಯ ಪೀಶಕತ್ತಿಯನ್ನು ಇಡೋಣವೆಂದು ಅದೇ ತರುಣ ಸೂಚಿಸಿದನು. ತೋಟದಲ್ಲಿ ದುಡಿಯುವವನಿಗೆ ಅದು ಆರನೆಯ ಬೆರಳಿನಂತೆ. ಮೆಣಸಿನ ಬಳ್ಳಿಯನ್ನು ಕಟ್ಟಿದ ಹಗ್ಗ ಕತ್ತರಿಸಲು, ಗೇರಿಗೋ ಮಾವಿಗೋ ಕಸಿ ಕಟ್ಟಲು, ಹಾಳೆಯನ್ನು ಕೊಯ್ದು ಮುಟ್ಟಾಳೆ ಮಾಡಲು, ವೀಳ್ಯದೆಲೆಯ ತೊಟ್ಟು ತೆಗೆಯಲು, ಕೊನೆಗೆ ಕಾಲಿಗೆ ನೆಟ್ಟ ಮುಳ್ಳನ್ನು ಬಿಡಿಸಲೂ ಅದೇ ಬೇಕು.

ಕತ್ತಿಯನ್ನು ಮಾಡಿಸಲು ನಾನೇ ಆಚಾರಿಯ ಕೊಟ್ಟಿಗೆಗೆ ಹೋದೆನು. ಆತನು ಮೊದಲು ಕೇಳಿದ ಪ್ರಶ್ನೆ ಬೆಲೆಯದ್ದಲ್ಲ. "ಯಾರ ಕೈಗೆ?" ಎಂದು ಕೇಳಿದನು. ಯಾರ ಕೈಗೆಂದು ನಮಗೇ ತಿಳಿಯದು, ಅದೃಷ್ಟ ಯಾರಿಗೆ ಒಲಿಯುತ್ತದೆಯೋ ಅವರ ಕೈಗೆ ಎಂದಾಗ, ಆತನು ಬಹಳ ಹೊತ್ತು ಸುಮ್ಮನಿದ್ದು, "ಕೈ ನೋಡದೆ ಹಿಡಿ ಕೂರಿಸುವುದು ಹೇಗೆ? ಸಾಧಾರಣದ ಅಳತೆಯಲ್ಲಿ ಮಾಡಿಕೊಡುತ್ತೇನೆ, ಯಾರಿಗೆ ಬರುತ್ತದೆಯೋ ಅವರನ್ನು ಒಮ್ಮೆ ಇಲ್ಲಿಗೆ ಕಳುಹಿಸಿ, ಅವರ ಕೈಗೆ ಸರಿಯಾಗಿ ಕೆತ್ತಿಕೊಡುತ್ತೇನೆ" ಎಂದನು. ಒಬ್ಬನ ಕೈಗೆಂದು ಮಾಡಿದ ವಸ್ತುವಿಗೂ ಎಲ್ಲರ ಕೈಗೆಂದು ಮಾಡಿದ ವಸ್ತುವಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ನನಗೆ ಯಾರೂ ತಿಳಿಸಿರಲಿಲ್ಲ.

ಆ ಕೆಲಸವನ್ನು ನಾನು ಕುಳಿತು ನೋಡಿದೆನು. ಹಳೆಯ ಲಾರಿಯ ಸ್ಪ್ರಿಂಗ್ ಪ್ಲೇಟಿನ ಒಂದು ತುಂಡನ್ನು ಗೆರಟೆಯ ಮಸಿಯ ಕೆಂಡದಲ್ಲಿ ಕಾಯಿಸಿ, ಅಡಿಗಲ್ಲಿನ ಮೇಲೆ ಬಡಿದು ನೀಳವಾಗಿಸಿ, ಅರದಿಂದ ರೂಪಕ್ಕೆ ತಂದು, ಮತ್ತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ, ಆ ಅಲಗು ಗಾಜಿನಂತೆ ಗಡುಸಾಗುತ್ತದೆ. ಆದರೆ ಗಾಜಿನಂತೆಯೇ ಒಡೆಯುವ ಗುಣವನ್ನೂ ಪಡೆಯುತ್ತದೆ. ಆದುದರಿಂದ ಆಚಾರಿಯು ಅದನ್ನು ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲನೆ ಬಿಸಿಗೆ ಒಡ್ಡುತ್ತಾನೆ. ಆಗ ಬಣ್ಣಗಳು ಓಡತೊಡಗುತ್ತವೆ: ಮೊದಲು ಒಣಹುಲ್ಲಿನ ಹಳದಿ, ಅನಂತರ ಕಂದು, ಕೊನೆಗೆ ನವಿಲಿನ ಕೊರಳಿನ ನೀಲಿ. ಅಂಚಿಗೆ ಒಣಹುಲ್ಲಿನ ಬಣ್ಣ ಬಂದ ಕ್ಷಣದಲ್ಲಿಯೇ ಅದನ್ನು ತಣಿಸಬೇಕು. ನೀಲಿಯಾಗುವವರೆಗೆ ಕಾದರೆ ಅಲಗು ಮೆತ್ತಗಾಗಿ ಹರಿತ ನಿಲ್ಲದು, ಕಾಯದೇ ಬಿಟ್ಟರೆ ಕಲ್ಲಿಗೆ ತಾಗಿದೊಡನೆ ಚಿಪ್ಪೇಳುವುದು. ಹದವೆಂಬುದು ಈ ಎರಡರ ನಡುವಿನ ಒಂದೆರಡು ಗಳಿಗೆಯ ಎಚ್ಚರ. ಹಿಡಿಗೆ ಒನಕೆ ಮಾಡುವ ಬೈನೆಯ ಮರದ ಕರಿಗೆರೆಯ ತುಂಡನ್ನು ಆರಿಸಿದನು. ಹಳೆಯ ಮನೆಗಳ ಕತ್ತಿಗಳಿಗೆ ಕಡವೆಯ ಕೊಂಬಿನ ಹಿಡಿ ಇರುವುದುಂಟು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದನ್ನು ಮುಟ್ಟುವಂತಿಲ್ಲ, ಮುಟ್ಟಲೂ ಬಾರದು. ಸ್ಪ್ರಿಂಗಿನ ಗೊಡವೆಯಿಲ್ಲದೆ ಒಂದೇ ಆಣಿಯ ಮೇಲೆ ತಿರುಗಿ ಹಿಡಿಯೊಳಗೆ ಮಡಚಿಕೊಳ್ಳುವ ಮೂರು ಅಂಗುಲದ ಆ ಅಲಗಿನ ಬುಡದಲ್ಲಿ "ಪಂಜ" ಎಂಬ ಎರಡಕ್ಷರವನ್ನು ಉಳಿಯಿಂದ ಕೊರೆದು ಕೊಟ್ಟನು.

ಫ್ರಾನ್ಸ್ ದೇಶದ ಆಲ್ಪ್ಸ್ ಪರ್ವತದ ಮಗ್ಗುಲಿನ ಸವಾಯ್ ಸೀಮೆಯಲ್ಲಿ, 1890ರಲ್ಲಿ, ಜೋಸೆಫ್ ಒಪಿನೆಲ್ ಎಂಬ ತರುಣನು ತನ್ನ ಊರಿನ ರೈತರಿಗೆಂದು ಮರದ ಹಿಡಿಯ ಇಂತಹುದೇ ಒಂದು ಮಡಚುವ ಕತ್ತಿಯನ್ನು ಮಾಡಿದನು. ಇಂದು ಅದು ಲೋಕವೆಲ್ಲ ಬಲ್ಲ ವಸ್ತು. ನಮ್ಮಲ್ಲಿಯೂ ತಾಳೆಗರಿಯ ಕಾಲದಲ್ಲಿ ಬರೆಯುವ ಕಂಟವೂ ಗರಿಯನ್ನು ಒಪ್ಪಮಾಡುವ ಅಲಗೂ ಒಂದೇ ಹಿಡಿಯೊಳಗೆ ಮಡಚಿಕೊಳ್ಳುವ ಸಾಧನಗಳಿದ್ದುವು. ಗುಡ್ಡಗಾಡಿನ ಬೇಸಾಯಗಾರನಿಗೆ ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯ ಸಂಗಾತಿ ಬೇಕಾಗುತ್ತದೆ.

ಇನ್ನು ಚೀಟಿಯ ಕಥೆ. ಮೊದಲ ಸಲ ನಾವು ಇನ್ನೂರು ಚೀಟಿಗಳನ್ನು ಅಚ್ಚುಹಾಕಿಸಿ, ಹತ್ತತ್ತು ರೂಪಾಯಿಗೆ ಮಾರಿ, ಇನ್ನೂರು ಸಂಖ್ಯೆಗಳನ್ನೂ ಒಂದು ಡಬ್ಬಿಗೆ ಹಾಕಿ ಎತ್ತಿದೆವು. ಎತ್ತಿದ ಸಂಖ್ಯೆಯ ಚೀಟಿ ಮಾರಾಟವೇ ಆಗಿರಲಿಲ್ಲ, ಪುಸ್ತಕದಲ್ಲಿಯೇ ಉಳಿದಿತ್ತು. ಮತ್ತೊಂದನ್ನು ಎತ್ತಿ, ಬಂದವರಿಗೆ ಬಹುಮಾನ ಕೊಟ್ಟೆವಾದರೂ, "ಮೊದಲು ಬಂದದ್ದು ಯಾರದ್ದು, ಅದನ್ನು ಯಾಕೆ ಬಿಟ್ಟರು?" ಎಂಬ ಪಿಸುಮಾತು ಸಭೆಯಲ್ಲಿ ಹಬ್ಬಿತು. ಯಾರೂ ಮೋಸ ಮಾಡಿರಲಿಲ್ಲ. ಆದರೆ ಮೋಸವಿಲ್ಲದಿರುವುದು ಬೇರೆ, ಮೋಸವಿಲ್ಲವೆಂದು ಎಲ್ಲರ ಕಣ್ಣಿಗೂ ಕಾಣುವುದು ಬೇರೆ. ಧರ್ಮಕಾರ್ಯಕ್ಕೆ ಇವೆರಡೂ ಬೇಕು. ಮಾರಾಟವಾದ ಚೀಟಿಗಳ ಅರೆಪ್ರತಿಗಳನ್ನು ಮಾತ್ರ, ಎಲ್ಲರೆದುರಿಗೆ ಎಣಿಸಿ ಹಾಕಬೇಕಿತ್ತು ಎಂಬಷ್ಟು ಸಾಮಾನ್ಯವಾದ ವಿವೇಕ ನಮಗೆ ಹೊಳೆದಿರಲಿಲ್ಲ.

ಈ ವಿವೇಕ ನಮ್ಮ ದಕ್ಷಿಣ ದೇಶಕ್ಕೆ ಸಾವಿರ ವರ್ಷಗಳ ಹಿಂದೆಯೇ ಇದ್ದಿತು. ತಮಿಳುನಾಡಿನ ಉತ್ತರಮೇರೂರಿನಲ್ಲಿ, ಚೋಳರ ಒಂದನೆಯ ಪರಾಂತಕನ ಕಾಲದ, ಹತ್ತನೆಯ ಶತಮಾನದ ಆರಂಭದ ಶಾಸನಗಳು ಗ್ರಾಮಸಭೆಯ ಸದಸ್ಯರನ್ನು ಆರಿಸುವ ಕ್ರಮವನ್ನು ವಿವರಿಸುತ್ತವೆ. ಅರ್ಹರಾದವರ ಹೆಸರುಗಳನ್ನು ಓಲೆಗಳಲ್ಲಿ ಬರೆದು, ಕೊಡದೊಳಗೆ ಹಾಕಿ, ಆಬಾಲವೃದ್ಧರು ನೆರೆದ ಮಹಾಸಭೆಯ ನಡುವೆ, ಒಳಗಿರುವುದೇನೆಂದು ಅರಿಯದ ಒಬ್ಬ ಬಾಲಕನಿಂದ ಒಂದೊಂದೇ ಓಲೆಯನ್ನು ತೆಗೆಯಿಸುತ್ತಿದ್ದರು. ಕುಡವೋಲೆ ಎಂಬುದು ಅದರ ಹೆಸರು. ನಮ್ಮ ಮಾತಿನಲ್ಲಿ ಕೊಡ ಮತ್ತು ಓಲೆ ಎಂದರೆ ಅರ್ಥಕ್ಕೆ ಬೇರೆ ವಿವರಣೆ ಬೇಡ. ತೆರೆದ ಸಭೆ, ಎಲ್ಲರಿಗೂ ಕಾಣುವ ಪಾತ್ರೆ, ಏನೂ ಅರಿಯದ ಕೈ: ಊರನ್ನಾಳುವ ಭಾರವನ್ನು ಹಂಚುವುದಕ್ಕೆ ಅವರು ಪಾಲಿಸಿದ ಶುದ್ಧಿಯನ್ನು ಒಂದು ಪೀಶಕತ್ತಿಯನ್ನು ಹಂಚುವಾಗಲೂ ನಾವು ಪಾಲಿಸಬೇಕು.

ಮೊದಲ ಸಲದ ಮುಜುಗರ ಮುಗಿಯುವಷ್ಟರಲ್ಲಿ, ವಕೀಲಿಕೆಯಲ್ಲಿ ಪಳಗಿದ ಮಿತ್ರರೊಬ್ಬರು ಇನ್ನೂ ಗುರುತರವಾದ ಒಂದು ವಿಷಯವನ್ನು ತಿಳಿಸಿದರು. ರಾಜ್ಯಸರಕಾರದ ಅನುಮತಿಯಿಲ್ಲದೆ ಲಾಟರಿಯನ್ನು ಎತ್ತುವ ಸ್ಥಳವನ್ನು ನಡೆಸುವುದು ಅಪರಾಧವೆಂದು 1870ರಲ್ಲಿಯೇ ದಂಡಸಂಹಿತೆಗೆ 294-ಎ ಎಂಬ ಕಲಮು ಸೇರಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 297ನೆಯ ಕಲಮಾಗಿದೆ. ನಮ್ಮ ರಾಜ್ಯದಲ್ಲಿ 2007ರ ಏಪ್ರಿಲಿನಿಂದ ಲಾಟರಿಯ ಮಾರಾಟವೇ ನಿಷಿದ್ಧವಾಗಿದೆ. ಗಡಿಯಾಚೆಯ ಕಾಸರಗೋಡಿನಲ್ಲಿ ಸರಕಾರದ ಲಾಟರಿ ನಡೆಯುತ್ತದಲ್ಲ ಎಂದು ಕೇಳುವವರುಂಟು. ಅದು 1967ರಲ್ಲಿ ಕೇರಳ ಸರಕಾರವೇ ಆರಂಭಿಸಿದ ವ್ಯವಸ್ಥೆ, ಅದರ ಮೊದಲ ಚೀಟಿಯ ಬೆಲೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. ಅಲ್ಲಿನ ರೂಢಿ ಇಲ್ಲಿನ ಕಾನೂನಾಗದು. ಉದ್ದೇಶ ಪವಿತ್ರವಾದ ಮಾತ್ರಕ್ಕೆ ಮಾರ್ಗವು ತಾನಾಗಿ ಶುದ್ಧವಾಗುವುದಿಲ್ಲವೆಂದು ನಾವು ತಲೆಬಾಗಿ ಒಪ್ಪಿಕೊಂಡೆವು.

ಇದು ಕೇವಲ ಕಾನೂನಿನ ತೊಡಕೆಂದು ನಾನು ಭಾವಿಸುವುದಿಲ್ಲ. ಜೂಜಿನ ಬಗೆಗೆ ನಮ್ಮ ಪೂರ್ವಿಕರಿಗಿದ್ದ ಅಂಜಿಕೆ ಬಹು ಪುರಾತನವಾದುದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಪಗಡೆಯ ಕಾಳುಗಳಿಗೆ ಸೋತು ಮನೆಮಠವನ್ನು ಕಳೆದುಕೊಂಡ ಜೂಜುಗಾರನ ಅಳಲನ್ನು ಹೇಳುವ ಸೂಕ್ತವೇ ಇದೆ. ಧರ್ಮರಾಯನಂತಹವನೇ ದ್ಯೂತದಲ್ಲಿ ರಾಜ್ಯವನ್ನು ಸೋತ ಕಥೆಯನ್ನು ನಮ್ಮ ಯಕ್ಷಗಾನದ ರಂಗಸ್ಥಳದಲ್ಲಿ ನಾವೆಲ್ಲ ಕಂಡಿದ್ದೇವೆ. ಕೌಟಿಲ್ಯನು ಜೂಜನ್ನು ಅಧ್ಯಕ್ಷನೊಬ್ಬನ ಕಣ್ಗಾವಲಿನಲ್ಲಿ ಒಂದೆಡೆಯಲ್ಲಿಯೇ ನಡೆಯಿಸಬೇಕೆಂದೂ, ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ಅರಸನಿಗೆ ಸಲ್ಲಬೇಕೆಂದೂ ವಿಧಿಸಿದನು. ಕಂಪನಿಯವರ ಕಾಲದಲ್ಲಿ ಕಲಕತ್ತೆಯ ಟೌನ್ ಹಾಲಿನಂತಹ ಭವನವೇ ಲಾಟರಿಯ ಹಣದಿಂದ ಎದ್ದು 1813ರಲ್ಲಿ ಪೂರ್ತಿಗೊಂಡಿತು. ಹಣ ಕೂಡಿಸಲು ಇದು ಸುಲಭವಾದ ಉಪಾಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರತ್ಯುಪಕಾರವನ್ನು ಬಯಸದೆ, ಕೊಡಬೇಕಾದುದೆಂಬ ಭಾವದಿಂದ ಕೊಟ್ಟ ದಾನವೇ ಸಾತ್ತ್ವಿಕವೆಂದೂ, ಫಲವನ್ನು ನಿರೀಕ್ಷಿಸಿ ಕೊಟ್ಟದ್ದು ರಾಜಸವೆಂದೂ ಗೀತೆಯು ವಿಂಗಡಿಸಿ ಹೇಳುತ್ತದೆ. ಹತ್ತು ರೂಪಾಯಿ ಕೊಟ್ಟು ಚೀಟಿ ಕೊಂಡವನ ಮನಸ್ಸು ಆ ಗಳಿಗೆಯಲ್ಲಿ ಹಾಸಿಗೆ ಹಿಡಿದವನ ಕಡೆಗಿತ್ತೋ ಕತ್ತಿಯ ಕಡೆಗಿತ್ತೋ ಎಂದು ಕೇಳಿದರೆ, ಅವನೇ ಉತ್ತರಿಸಲಾರನು. ಅವನನ್ನು ಅಂತಹ ಗೊಂದಲಕ್ಕೆ ಈಡುಮಾಡಿದವರು ನಾವು.

ಆದಕಾರಣ ಎರಡನೆಯ ಸಲ, ಅದೇ ಆಚಾರಿಯಿಂದ ಅಂತಹುದೇ ಇನ್ನೊಂದು ಕತ್ತಿಯನ್ನು ಮಾಡಿಸಿ, ನಾವು ಕ್ರಮವನ್ನು ಬದಲಾಯಿಸಿದೆವು. ಹಣ ಪಡೆದು ಅದೃಷ್ಟವನ್ನು ಮಾರಿದರೆ ಲಾಟರಿ. ಹಣವನ್ನೇ ಕೇಳದೆ ಎಲ್ಲರಿಗೂ ಕೊಟ್ಟ ಚೀಟಿಯಲ್ಲಿ ಮಾರಾಟವೆಂಬುದೇ ಇಲ್ಲ. ವಕೀಲಮಿತ್ರರ ಸಲಹೆಯಂತೆ ಹುಂಡಿಯನ್ನೂ ಚೀಟಿಯನ್ನೂ ನಾವು ಪೂರ್ಣವಾಗಿ ಬೇರ್ಪಡಿಸಿದೆವು. ಶಾಲೆಯ ಅಂಗಳಕ್ಕೆ ಬಂದ ಪ್ರತಿಯೊಬ್ಬರಿಗೂ, ಎಳೆಯ ಮಗುವಿನಿಂದ ಮೊದಲ್ಗೊಂಡು ಊರುಗೋಲು ಹಿಡಿದ ಅಜ್ಜಿಯವರೆಗೆ, ಬಾಗಿಲಿನಲ್ಲಿ ಒಂದೊಂದು ಸಂಖ್ಯೆಯ ಚೀಟಿಯನ್ನು ಬೆಲೆಯಿಲ್ಲದೆ ಕೊಟ್ಟೆವು. ಹುಂಡಿಯನ್ನು ಬಾಗಿಲಿನಿಂದ ದೂರವಾಗಿ, ಜಗಲಿಯ ಒಳಗಿನ ಮೂಲೆಯಲ್ಲಿ, ಯಾರು ಹಾಕಿದರು, ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ ಎಂಬುದು ಯಾರ ಕಣ್ಣಿಗೂ ಬೀಳದಂತೆ ಇರಿಸಿದೆವು. ಕಾರ್ಯಕ್ರಮಕ್ಕೆ ಮೊದಲೇ ಬರಹದಲ್ಲಿ ಎಲ್ಲವನ್ನೂ ವಿವರಿಸಿ ಪೋಲೀಸು ಠಾಣೆಗೂ ತಾಲೂಕು ಕಚೇರಿಗೂ ತಿಳಿಸಿದೆವು. ಕತ್ತಿಯ ವಿಷಯದಲ್ಲಿಯೂ ಎಚ್ಚರ ವಹಿಸಿದೆವು: ಒಂಬತ್ತು ಅಂಗುಲಕ್ಕಿಂತ ಉದ್ದವಾದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗು, ಮನೆವಾರ್ತೆ ಬೇಸಾಯಗಳ ಉಪಕರಣವಲ್ಲದಿದ್ದರೆ, ಆಯುಧಗಳ ನಿಯಮಕ್ಕೆ ಒಳಪಡುತ್ತದೆ, ನಮ್ಮದು ಮೂರು ಅಂಗುಲದ, ತೋಟದ ಕೆಲಸದ ಕತ್ತಿ. ಬಹುಮಾನವು ಮಕ್ಕಳ ಸಂಖ್ಯೆಗೆ ಬಂದರೆ ಮನೆಯ ಹಿರಿಯರ ವಶಕ್ಕೇ ಕೊಡತಕ್ಕದ್ದೆಂದು ಮೊದಲೇ ಸಾರಿದೆವು.

ಸಂಜೆ ಐದು ಗಂಟೆಗೆ ಒಂದು ತಾಮ್ರದ ಕೊಡವನ್ನು ಬೋರಲು ಹಾಕಿ ಬರಿದೆಂದು ತೋರಿಸಿ, ಕೊಟ್ಟ ಚೀಟಿಗಳ ಅರೆಪ್ರತಿಗಳನ್ನಷ್ಟೇ ಎಣಿಸಿ ಒಳಗೆ ಹಾಕಿದೆವು. ಒಂದನೆಯ ತರಗತಿಯ ಒಬ್ಬ ಹುಡುಗಿ ಮೊಣಕೈಯವರೆಗೆ ಕೈಯಿಳಿಸಿ, ಮುಖವನ್ನು ಆಕಾಶಕ್ಕೆತ್ತಿ, ತಡಕಾಡಿ ಒಂದು ಚೀಟಿ ತೆಗೆದಳು. ಅದು ರಬ್ಬರು ತೋಟದಲ್ಲಿ ಹಾಲು ತೆಗೆಯುವ ಒಬ್ಬ ಹೆಂಗಸಿನ ಸಂಖ್ಯೆಯಾಗಿತ್ತು. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದೆಂಬ ನಮ್ಮ ಹಿರಿಯರ ಕಟ್ಟಳೆಯಂತೆ, ಅದನ್ನು ಮಡಚಿ ಹರಿವಾಣದಲ್ಲಿ ಬಾಳೆಲೆಯ ಮೇಲೆ ವೀಳ್ಯದೊಡನೆ ಇಟ್ಟು ಅವರ ಮುಂದಿರಿಸಿದೆವು. ಅವರು ತಾವೇ ಎತ್ತಿಕೊಂಡು ಕಣ್ಣಿಗೊತ್ತಿಕೊಂಡರು. ಆಕೆ ಹುಂಡಿಗೆ ಐದು ರೂಪಾಯಿ ಹಾಕಿದ್ದರೋ, ಐನೂರು ಹಾಕಿದ್ದರೋ, ಏನೂ ಹಾಕಿರಲಿಲ್ಲವೋ ನಮಗೆ ತಿಳಿಯದು. ತಿಳಿಯದಿರಬೇಕೆಂಬುದೇ ನಮ್ಮ ಉದ್ದೇಶವಾಗಿತ್ತು. ಹುಂಡಿಯನ್ನು ಸಭೆಯೆದುರಿಗೇ ಒಡೆದು ಎಣಿಸಿದಾಗ ಮೊದಲ ಸಲಕ್ಕಿಂತ ಕಡಿಮೆಯಾಗಿರಲಿಲ್ಲ. ಮರುವಾರ ಆಕೆ ಕುಲುಮೆಗೆ ಹೋದರಂತೆ. ಆಚಾರಿಯು ಮಾತು ಕೊಟ್ಟಂತೆ ಹಿಡಿಯನ್ನು ಕೆತ್ತಿ, ಅವರ ಸಣ್ಣ ಅಂಗೈಗೆ ಸರಿಮಾಡಿ, ಕೂಲಿ ತೆಗೆದುಕೊಳ್ಳದೆ ಕಳುಹಿಸಿಕೊಟ್ಟನು.

ಪುತ್ತೂರಿನಲ್ಲಿ 1909ರಲ್ಲಿ ಸಹಕಾರ ಸಂಘವನ್ನು ಕಟ್ಟಿ, ಈ ಜಿಲ್ಲೆಯ ಸಹಕಾರ ಪಿತಾಮಹರೆಂದು ಹೆಸರಾದ ಮೊಳಹಳ್ಳಿ ಶಿವರಾಯರ ನಾಡು ಇದು. ಬಡವರ ಚಿಲ್ಲರೆ ಕಾಸು ಒಂದೆಡೆ ಸೇರಿದರೆ ಎಂತಹ ಬಲವಾಗುತ್ತದೆಂಬುದನ್ನು ನಾವು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಆದರೆ ಆ ಬಲವು ನಿಲ್ಲುವುದು ಲೆಕ್ಕದ ಪುಸ್ತಕದ ಮೇಲೆ. ಬಂದ ಹಣವೆಷ್ಟು, ಕತ್ತಿಗೆ ಕೊಟ್ಟದ್ದೆಷ್ಟು, ಚೀಟಿಯ ಅಚ್ಚಿಗೆಷ್ಟು, ಆ ಮನೆಗೆ ತಲುಪಿದ್ದೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಶಾಲೆಯ ಗೋಡೆಗೂ ಹಾಲಿನ ಸೊಸೈಟಿಯ ಬಾಗಿಲಿಗೂ ಅಂಟಿಸಿದೆವು. ಕತ್ತಿಯ ಖರ್ಚನ್ನು ಹುಂಡಿಯಿಂದ ತೆಗೆಯದೆ, ಸಂಘಟಕರಾದ ನಾವೇ ಹಂಚಿಕೊಂಡು ಭರಿಸಿದೆವು. ಏಕೆಂದರೆ ಹುಂಡಿಗೆ ಬಿದ್ದ ಪ್ರತಿಯೊಂದು ಕಾಸೂ ಹಾಕಿದವರು ಉದ್ದೇಶಿಸಿದ ಕಡೆಗೇ ಹೋಗಬೇಕಷ್ಟೆ.

ಕೇಳುಗರೇ, ನಿಮ್ಮ ಊರುಗಳಲ್ಲಿಯೂ ಇಂತಹ ಕಷ್ಟಗಳು ಬರುತ್ತವೆ. ನೀವೂ ಹತ್ತು ಜನ ಶಾಲೆಯ ಜಗಲಿಯಲ್ಲಿ ಸೇರುತ್ತೀರಿ. ಆಗ ಬಹುಮಾನಕ್ಕೆ ನಿಮ್ಮ ಊರಿನ ಕೈಗಳು ಮಾಡಿದ, ನಿಮ್ಮ ಊರಿನ ಕೆಲಸಕ್ಕೆ ಬರುವ ಒಂದು ವಸ್ತುವನ್ನೇ ಆರಿಸಿರಿ. ಕುಲುಮೆಯ ಬೆಂಕಿ ಇನ್ನೂ ಆರದಿರುವ ಊರಿನಲ್ಲಿ ಅದು ಒಂದು ಕತ್ತಿಯೇ ಆಗಲಿ. ಕಾನೂನನ್ನು ಬಲ್ಲವರನ್ನು ಮೊದಲು ಕೇಳಿರಿ. ಅದೃಷ್ಟವನ್ನು ಎಲ್ಲರಿಗೂ ಬಿಟ್ಟಿಯಾಗಿ ಹಂಚಿರಿ, ದಾನವನ್ನು ಯಾರಿಗೂ ಕಾಣದಂತೆ ಸ್ವೀಕರಿಸಿರಿ, ಲೆಕ್ಕವನ್ನು ಮಾತ್ರ ಎಲ್ಲರಿಗೂ ಕಾಣುವಂತೆ ತೂಗುಹಾಕಿರಿ. ಮತ್ತು ಈ ಕೊಯ್ಲಿನ ಕಾಲದಲ್ಲಿ ನಿಮ್ಮ ತೋಟದ ಮರವನ್ನು ಏರುವವನ ಸೊಂಟಕ್ಕೆ ಒಂದು ಗಟ್ಟಿಯಾದ ಹಗ್ಗವನ್ನು ಕಟ್ಟಿಸಲು ಮರೆಯದಿರಿ. ಹುಂಡಿಯನ್ನು ಇಡುವ ಪ್ರಸಂಗವೇ ಬಾರದಿರಲೆಂಬುದು ನನ್ನ ಪ್ರಾರ್ಥನೆ.